ಅರ್ಧ ಹೊಟ್ಟೆಯ ಹೊಲ

ಮೊನ್ನೆ ಹಾನಗಲ್ ಬಸ್ ಸ್ಟ್ಯಾಂಡಿನ ಎದುರು ಸ್ಕೂಟರಿನ ಸೀಟು ಎತ್ತಿದರೆ ಹುಳಿತ ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಒಳಗೆ ಮಳೆಗೆ ನೆನೆದು ಉಬ್ಬಿದ ಪುಡಿಯ ಪ್ಯಾಕೆಟ್ಟು. ಭತ್ತದ ಹೊಲದ ಆ ಅಜ್ಜ ನೆನಪಾದರು...

ವರ್ಷಗಳ ಹಿಂದಿನ ಮಾತು, ಆಗ ನಾನು ಕಂಪನಿಯ ಕೆಲಸಕ್ಕೆ ಹೊಸಬಳು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಉಣಿಸುವ ಈ ಪುಡಿಯನ್ನು ರೈತರ ಹೊಲದಲ್ಲಿ ಪರೀಕ್ಷಿಸಬೇಕಿತ್ತು. ಹೊಲವನ್ನು ಎರಡು ಪಾಲು ಮಾಡಿ ಒಂದಕ್ಕೆ ಪುಡಿ ಹಾಕುವುದು, ಇನ್ನೊಂದಕ್ಕೆ ಏನೂ ಹಾಕದಿರುವುದು, ಸುಗ್ಗಿಯಲ್ಲಿ ಎರಡನ್ನೂ ತೂಗಿ ನೋಡುವುದು. ಇಲ್ಲೇ ಸಮೀಪದ ಹಳ್ಳಿಯ ಈ ಅಜ್ಜ ಕೂರಿಗೆಯಿಂದ ಬಿತ್ತಿದ ತಮ್ಮ ಭತ್ತದ ಹೊಲ ಕೊಟ್ಟರು.

"ಇದು ಗೊಬ್ಬರ ಅಲ್ಲಜ್ಜಾ, ಮಣ್ಣಿನೊಳಗಿನ ಜೀವಕ್ಕ ಊಟ" ಅಂದೆ.

"ತಿಳೀತ ಬಿಡ ಯವ್ವಾ. ನಾವು ಚರಗ ಚೆಲ್ಲೂದಿಲ್ಲೇನ, ಹಂಗ."

ಶೀಗಿ ಹುಣ್ಣಿಮೆಗೆ ನಮ್ಮ ಕಡೆ ಭೂಮಿತಾಯಿ ಬಸುರಿ ಎಂದು ಹೊಲದ ತುಂಬ ಅಡುಗೆ ಚೆಲ್ಲುತ್ತಾರೆ, ಅದೇ ಚರಗ. ನನ್ನ ವಿಜ್ಞಾನ ಇವರಿಗೆ ಎಷ್ಟು ಬೇಗ ತಿಳಿಯಿತಲ್ಲ ಎಂದು ಹಿಗ್ಗಿದೆ. ತಿಳಿದದ್ದೇ ಎಡವಟ್ಟಾಯಿತು.

ಸುಗ್ಗಿಯಲ್ಲಿ ಎರಡೂ ಪಾಲಿನ ಭತ್ತ ಸರಿಸಮ ತೂಗಿತು. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅಜ್ಜನೇ ಬಾಯಿಬಿಟ್ಟರು. ನಾನು ಪುಡಿ ಹಾಕಿ ಹೋದ ಮರುದಿನದಿಂದಲೇ ಬಕೆಟ್ಟಿನಲ್ಲಿ ಬೆಲ್ಲ, ಮಜ್ಜಿಗೆ, ಇನ್ನೇನೇನೋ ಕೊಳೆಹಾಕಿ ಖಾಲಿ ಪಾಲಿಗೆ ಎರೆಯುತ್ತಿದ್ದರಂತೆ.

"ಬಸುರಿಗೆ ಅರ್ಧ ಹೊಟ್ಟಿ ಉಣಸ್ತಾರೇನ ಯವ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. ಕಣದಲ್ಲಿ ಹತ್ತು ಜನರೆದುರು, "ಎಲ್ಲಾ ಹಾಳ ಮಾಡಿಬಿಟ್ರಿ! ನನ್ನ ಕೆಲಸ ನೀರಾಗ ಹೋತು" ಎಂದು ಕೂಗಾಡಿದೆ. ಅಜ್ಜ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು.

"ತಪ್ಪಾತ್ರಿ, ಮೇಡಮ್ಮಾರ."

ಅಲ್ಲಿಯವರೆಗೆ ಬಾಯಿ ತುಂಬ ಯವ್ವಾ ಎಂದವರು. ಆ 'ರಿ' ಇವತ್ತಿಗೂ ಚುಚ್ಚುತ್ತದೆ.

'ರೈತನ ತಪ್ಪು, ಪರಿಗಣಿಸಬಾರದು' ಎಂದು ವರದಿ ಬರೆದೆ. ಆಮೇಲೆ ನನ್ನನ್ನು ಹಿರೇಕೆರೂರಿನ ಗೋವಿನಜೋಳದ ಹೊಲಗಳಿಗೆ ಹಾಕಿದರು. ಕಂಪನಿಯ ಪುಡಿಗೆ ಅಜ್ಜನ ಬಕೆಟ್ಟು ಸರಿಸಮ ನಿಂತಿತ್ತೇ, ಅಥವಾ ಎರಡರಿಂದಲೂ ಏನೂ ಆಗಿರಲಿಲ್ಲವೇ... ಮರುವರ್ಷ ಬಂದು ನೋಡಬಹುದಿತ್ತು. ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಎಂದುಕೊಂಡೇ ವರ್ಷಗಳು ಕಳೆದವು. ಅಜ್ಜ ತೀರಿಕೊಂಡ ಸುದ್ದಿಯೂ ತಡವಾಗಿ ಬಂತು.

ಮೊನ್ನೆ ಆ ಪ್ಯಾಕೆಟ್ಟು ಹಿಡಿದುಕೊಂಡು ಅವರ ಹೊಲಕ್ಕೆ ಹೋದೆ. ಅವರ ಮಗಳು ಕಳೆ ತೆಗೆಯುತ್ತಿದ್ದಳು. ಅಜ್ಜ ಬಕೆಟ್ಟಿನಲ್ಲಿ ಏನೇನು ಹಾಕುತ್ತಿದ್ದರು ಎಂದು ಕೇಳಿದೆ.

"ಯಾರಿಗ್ಗೊತ್ರಿ? ನೀವು ಬೈದ ದಿನಾನ ಅಪ್ಪ ಬಕೀಟ ಬೋರಲ ಹಾಕಿದ. ಮತ್ತ ಮಾಡಲೇ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಹುಳಿತ ಪುಡಿಯನ್ನು ಎರಡೂ ಪಾಲಿಗೆ ಬರುವಂತೆ ಚೆಲ್ಲುತ್ತ ನಡೆದೆ. ಒಂದು ಪಾಲು ಮುಗಿಯುವುದರೊಳಗೆ ಪ್ಯಾಕೆಟ್ಟು ಬರಿದಾಯಿತು.