ಧಕ್ಕೆಗೆ ಬೆನ್ನು ಹಾಕಿದವರು

ನಮ್ಮೂರ ಹಳೇ ಧಕ್ಕೆಯ ಚರಿತ್ರೆಗೆ ಇಡೀ ವಿಜಯನಗರ ಬಡಾವಣೆಯಲ್ಲಿ ನಾನೊಬ್ಬನೇ ಅಧಿಕೃತ ವಕ್ತಾರ. ಯಾರೂ ನೇಮಿಸಿದ್ದಲ್ಲ, ನಾನೇ ವಹಿಸಿಕೊಂಡದ್ದು. ನದಿ ಕಡಲು ಸೇರುವ ಅಳಿವೆಯ ಹತ್ತಿರ ಕಲ್ಲಿನ ಕಟ್ಟೆ, ಅಲ್ಲಿ ಸಾಲಾಗಿ ನಿಂತ ಮಂಜಿಗಳೆಂಬ ದೊಡ್ಡ ಹಾಯಿ ಹಡಗುಗಳು, ಹೆಂಚು ಹೊತ್ತು ಹಲಗೆ ಮೇಲೆ ನಡೆಯುವ ಹೆಂಗಸರು. ಕಾಫಿ ಕುಡಿಯಲು ಸಿಕ್ಕವರಿಗೆಲ್ಲ ಇದನ್ನು ಕಣ್ಣಾರೆ ಕಂಡವನಂತೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ನನಗೆ ಬುದ್ಧಿ ಬರುವಷ್ಟರಲ್ಲಿ ಹೊಳೆಗೆ ಸೇತುವೆಯಾಗಿ ಹೆಂಚೆಲ್ಲ ಲಾರಿ ಹತ್ತಿತ್ತು. ನಾನು ಕಂಡದ್ದು ಪಾಚಿಗಟ್ಟಿದ ಕಲ್ಲು, ಒಣಗಲು ಹಾಕಿದ ಬಲೆ, ನನ್ನ ಹೆಬ್ಬೆರಳು ಕಚ್ಚಿದ ಒಂದು ಏಡಿ.

ಕಂಡವಳು ಅಮ್ಮ. ಅಪ್ಪಯ್ಯ ಮಂಜಿಯಲ್ಲಿ ದುಡಿಯುತ್ತಿದ್ದರು. ಅವಳು ಹೇಳುತ್ತಿದ್ದ ಪದ್ಧತಿಯಂತೆ, ಹಾಯಿ ಏರಿಸಿದ ಮೇಲೆ ಮನೆಯವರು ಹಡಗನ್ನು ಮರೆಯಾಗುವ ತನಕ ನೋಡಬಾರದು. ಅದು ಅಳಿವೆ ದಾಟುವ ಮೊದಲೇ ಬೆನ್ನು ತಿರುಗಿಸಿ ಮನೆಗೆ ನಡೆಯಬೇಕು. ನೋಡುತ್ತಾ ನಿಂತರೆ ಹೋದವರು ವಾಪಸು ಬರುವುದಿಲ್ಲ. "ನಿನ್ ಅಪ್ಪಯ್ಯ ಪ್ರತಿ ಸಲ ಬಂದ್ರಲ್ದಾ?" ಎಂದು ಅಮ್ಮ ಕೇಳುತ್ತಿದ್ದಳು.

ಬಸವೇಶ್ವರನಗರದಲ್ಲಿ ಕರಾವಳಿಯವರ ಸಂಘ ನನ್ನಿಂದ ಭಾಷಣ ಮಾಡಿಸಿದಾಗ, "ಇಡೀ ಊರೇ ಬೆನ್ನು ತೋರಿಸಿ ಬೀಳ್ಕೊಡುತ್ತಿತ್ತು" ಎಂದು ತಮಾಷೆ ಮಾಡಿ ಚಪ್ಪಾಳೆ ಗಿಟ್ಟಿಸಿದೆ. ಅಮ್ಮ ಮುಂದಿನ ಸಾಲಿನಲ್ಲಿ ಕೋಡುಬಳೆ ಮುರಿಯುತ್ತಾ ಕೂತಿದ್ದಳು. ಅವಳೇನೂ ಈ ಪದ್ಧತಿಯನ್ನು ಊರಲ್ಲಿ ಬಿಟ್ಟು ಬಂದಿರಲಿಲ್ಲ. ನಾನು ಮೆಟ್ಟಿಲಿಳಿದು ಆಫೀಸಿಗೆ ಹೊರಟರೆ, ತಿರುವು ಬರುವ ಮೊದಲೇ ಒಳಗೆ ಹೋಗಿರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ, "ನಿಮ್ಮಮ್ಮಂಗೆ ನಾವು ತೊಲಗಿದ್ರೆ ಸಾಕಾಗಿರತ್ತೆ ಕಣ್ರೀ" ಎಂದು ಮುಖ ಊದಿಸಿಕೊಂಡಿದ್ದಳು.

ಹೋದ ವರ್ಷ ನನ್ನ ಹೃದಯದ ಕವಾಟ ಕೈಕೊಟ್ಟಿತು. ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ, ಹಸಿರು ಗೌನು ತೊಡಿಸಿ, ಹಲ್ಲುಸೆಟ್ಟು ಕಳಚಿಸಿ, ತಳ್ಳುವ ಮಂಚದ ಮೇಲೆ ಆಪರೇಷನ್ನಿಗೆ ಕರೆದೊಯ್ದರು. ಧೈರ್ಯಸ್ಥನ ಮುಖ ಮಾಡಿಕೊಂಡೇ ಇದ್ದೆ. ಬಾಗಿಲ ಹತ್ತಿರ ಕತ್ತೆತ್ತಿ ಹಿಂದೆ ನೋಡಿದೆ. ಕಾರಿಡಾರಿನ ಕೊನೆಯಲ್ಲಿ ಅಮ್ಮ, ಹೆಂಡತಿಯ ಕೈ ಹಿಡಿದು, ನನ್ನನ್ನೇ ನೋಡುತ್ತಾ ನಿಂತಿದ್ದಳು. ತಿರುಗಲೇ ಇಲ್ಲ.

"ಅಮ್ಮಾ, ತಿರುಗು! ಒಳಗೆ ಹೋಗು!" ಎಂದು ಬೊಚ್ಚುಬಾಯಲ್ಲಿ ಕಿರುಚಿದೆ. ಮೂಢನಂಬಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಿದ ಭಾಷಣಕಾರ ನಾನೇ. ಮಂಚ ತಳ್ಳುವವರು ಗಾಬರಿಯಾಗಿ, "ಸಾರ್, ಅಲ್ಲಾಡ್ಬೇಡಿ, ಏನಾಗಲ್ಲ" ಎಂದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅಮ್ಮ ನಿಧಾನವಾಗಿ ಬೆನ್ನು ತಿರುಗಿಸಿದಳು. ಆಮೇಲೆಯೇ ಕೈ ಬಿಟ್ಟೆ.

ವಾರ್ಡಿಗೆ ಬಂದ ಮೇಲೆ, ಯಾಕೆ ಹಾಗೆ ನಿಂತೆ ಎಂದು ಕೇಳಿದೆ. ಅವಳು ನನ್ನ ಹೊದಿಕೆ ಸರಿಮಾಡುತ್ತಾ ಹೇಳಿದಳು: "ಅಪ್ಪಯ್ಯ ಬತ್ರ್ ಅಂದೇಳಿ ನಂಗೆ ಗೊತ್ತಿರ್ತಿತ್. ನೀ ಬತ್ತೆ ಅಂದೇಳಿ ಧೈರ್ಯ ಬರ್ಲಿಲ್ಲ ಮಗಾ. ಕಡೆಗೊಂದ್ಸಲ ಕಣ್ತುಂಬ ಕಾಂಬ ಅಂತ ನಿಂತೆ."

ಈಗಲೂ ಧಕ್ಕೆಯ ಬಗ್ಗೆ ಕೊರೆಯುತ್ತೇನೆ, ಆ ತಮಾಷೆ ಮಾತ್ರ ಬಿಟ್ಟಿದ್ದೇನೆ. ಬೆಳಿಗ್ಗೆ ವಾಕಿಂಗ್ ಹೊರಟಾಗ ಮೆಟ್ಟಿಲ ತಿರುವಿನಲ್ಲಿ ಕಳ್ಳನಂತೆ ಮೇಲೆ ನೋಡುತ್ತೇನೆ. ಅಮ್ಮ ಒಳಗೆ ಹೋಗಿದ್ದರೆ ಸಮಾಧಾನ. ಇನ್ನೂ ಬಾಗಿಲಲ್ಲೇ ನಿಂತಿದ್ದರೆ ಏನೋ ಮರೆತವನಂತೆ ವಾಪಸು ಹತ್ತಿ, ಅವಳ ಮುಂದೆಯೇ ನೀರು ಕುಡಿದು, ಮತ್ತೆ ಹೊರಡುತ್ತೇನೆ.