ಸದ್ದಿಲ್ಲದ ಹುಲ್ಲು ಮಿಷನ್

ಹಿರಿಯಡ್ಕದ ನಮ್ಮ ಹಿತ್ತಿಲಿನ ಹುಲ್ಲು ಕತ್ತರಿಸಲು ಬರುತ್ತಿದ್ದವರು ಒಬ್ಬರೇ ಕೆಲಸದವರು. ಪೆಟ್ರೋಲ್ ಮಿಷನಿನ ಹೊಗೆಯಿಂದ ಕೆಮ್ಮು ಹಿಡಿದು, ಇನ್ನು ಅದನ್ನು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಬ್ಯಾಟರಿಯದ್ದು ತಂದರು. ಅದಕ್ಕೆ ಹೊಗೆಯೂ ಇಲ್ಲ, ಅಡುಗೆಮನೆಗೆ ಕೇಳುವಷ್ಟು ಸದ್ದೂ ಇಲ್ಲ.

"ಎಂತ ಮಾರಾಯ್ರೆ, ನಿದ್ದೆಯಾ? ಇನ್ನು ಬೇರೆಯವರನ್ನು ಕರೀತೇನೆ" ಎಂದು ಅಮ್ಮ ಒಳಗಿನಿಂದಲೇ ಕೂಗಿದರು. ನಮ್ಮ ಮನೆಯ ಮೊದಲ ಡಿಗ್ರಿ ನನ್ನದು. ಬ್ಯಾಟರಿ ಮಿಷನಿಗೆ ಸದ್ದಿರುವುದಿಲ್ಲ ಎಂದು ನಾನು ವಿವರಿಸಿದರೂ ಅಮ್ಮ ನಂಬಲಿಲ್ಲ.

"ಕೆಲಸ ಕೇಳಬೇಕು, ಅಲ್ವಾ?" ಎನ್ನುವುದು ಆ ಕೆಲಸದವರ ಮಾತು. ಬಾಯಿಗೆ ಕಟ್ಟಿದ್ದ ಬೈರಾಸು ಟವೆಲನ್ನು ಕುತ್ತಿಗೆಗೆ ಇಳಿಸಿ, ತಾವೇ "ಡುರ್ರ್..." ಎನ್ನತೊಡಗಿದರು. ದಪ್ಪ ಹುಲ್ಲು ಸಿಕ್ಕಿದರೆ ಸ್ವರ ಏರಿಸುತ್ತಿದ್ದರು. ಅಮ್ಮನಿಗೆ ಸಮಾಧಾನವಾಯಿತು.

ಒಂದು ದಿನ ಅಮ್ಮ ಕೂಗಿದರು: "ಫೋನ್ ಬಂತು, ಸ್ವಲ್ಪ ಮಿಷನ್ ಬಂದ್ ಮಾಡಿ!"

ಅವರು ಬಾಯಿ ಮುಚ್ಚಿದರು. ಹುಲ್ಲು ಬೀಳುತ್ತಲೇ ಇತ್ತು.