ಅಮೀನಗಡದಲ್ಲಿ ನಿಲ್ಲುವ ಕಾರು

ಇಸ್ಪೀಟಿನ ಚಟಕ್ಕಿಂತ ಚೌಕಾಸಿಯ ಚಟ ಕೆಟ್ಟದ್ದು. ಇಸ್ಪೀಟಿಗೆ ನಾಲ್ಕು ಜನ ಸೇರಬೇಕು, ಚೌಕಾಸಿಗೆ ಕೊತ್ತಂಬರಿ ಮಾರುವ ಒಬ್ಬ ಮುದುಕಿ ಸಾಕು. ಇಳಕಲ್ಲಿನ ಸಂತೆಯಲ್ಲಿ ಅಂಥ ಒಬ್ಬ ಮುದುಕಿ ನಾನು ದೂರದಲ್ಲಿ ಕಂಡರೆ ಸಾಕು, ಬುಟ್ಟಿಯ ಮೇಲೆ ಸೆರಗು ಹಾಕಿ ಅತ್ತ ತಿರುಗಿ ಕೂಡುತ್ತಾಳೆ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ರಾಜರು ಯುದ್ಧದಲ್ಲಿ ಕಳೆದುಕೊಂಡ ಕೋಟೆಗಳ ಕಥೆ ಹೇಳುವಾಗಲೂ, ಇವರು ಎದುರುಬದುರು ಕೂತು ಇನ್ನಷ್ಟು ಜಗ್ಗಾಡಿದ್ದರೆ ಅರ್ಧಕ್ಕೆ ಬಗೆಹರಿಯುತ್ತಿತ್ತಲ್ಲ ಎಂದು ನನ್ನ ಜೀವ ಚಡಪಡಿಸುತ್ತದೆ.

ಇಂಥ ನನಗೆ ಕಾರಿನ ಆಸೆ ಹುಟ್ಟಿತು. ಹೊಸ ಶತಮಾನ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ ಅದು. ಪೆಟ್ರೋಲಿನ ದರ ಏರಿದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಿಟ್ಟುಸಿರು ಬಿಡುತ್ತಿದ್ದವನು ನಾನು, ಅದೂ ಮನೆಯಲ್ಲಿ ಒಂದು ಮುದಿ ಲೂನಾ ಬಿಟ್ಟರೆ ಬೇರೆ ವಾಹನವಿಲ್ಲದೆ. ಒಂದು ದಿನ ಪತ್ರಿಕೆಯಲ್ಲಿ ಹುಬ್ಬಳ್ಳಿಯ ಏಜೆಂಟರೊಬ್ಬರ ಜಾಹೀರಾತು ಕಂಡಿತು. ಕರೆಂಟಿನಿಂದ ಓಡುವ ಕಾರು, ಕೊಳ್ಳಬೇಕಿಲ್ಲ, ಮೂರು ವರ್ಷಕ್ಕೆ ಲೀಸಿಗೆ ಸಿಗುತ್ತದೆ. ಕೊಳ್ಳದೆಯೇ ಚೌಕಾಸಿ ಮಾಡಬಹುದಾದ ಕಾರು! ನನಗಾಗಿಯೇ ಯಾರೋ ಕೂತು ಆಲೋಚಿಸಿದಂತಿತ್ತು.

ನನ್ನ ಹೆಂಡತಿ ಗಿರಿಜಾ ಜಾಹೀರಾತನ್ನು ಓದಿಸಿಕೊಂಡು, "ಹೊಲಾ ಲಾವಣಿಗೆ ಹಿಡಿಯೂದು ಕೇಳೀನಿ. ಗಾಡಿ ಲಾವಣಿಗೆ ಹಿಡದು ಅದ್ರಾಗ ಏನ ಬಿತ್ತಾವ್ರದೀರಿ?" ಎಂದಳು.

ಬಿತ್ತುವುದೇನಿಲ್ಲ, ನಮ್ಮ ಒಬ್ಬಳೇ ಮಗಳನ್ನು ಬಾಗಲಕೋಟೆಯ ನವನಗರಕ್ಕೆ ಕೊಟ್ಟಿದ್ದೇವೆ. ತಿಂಗಳಿಗೆರಡು ಸಲ ಅಲ್ಲಿಗೆ ಹೋಗಿಬರುವುದು ನಮ್ಮ ಪದ್ಧತಿ. ಬಸ್ಸು ಹುನಗುಂದ ದಾಟಿ ಅಮೀನಗಡದಲ್ಲಿ ನಿಂತಾಗ ಎಲ್ಲರೂ ಕರದಂಟು ಕೊಳ್ಳಲು ಇಳಿಯುತ್ತಾರೆ. ಗಿರಿಜಾ ಮಾತ್ರ ಊರಿನ ಕಡೆಗೆ ಬೆನ್ನು ಮಾಡಿ ಆಚೆಯ ಕಿಟಕಿಯನ್ನೇ ನೋಡುತ್ತ ಕೂಡುತ್ತಿದ್ದಳು. ಏಕೆಂದರೆ ಅಮೀನಗಡದಲ್ಲಿ ಅವಳ ಅಕ್ಕ ಗೌರಕ್ಕ ಇದ್ದಾರೆ, ಅಕ್ಕತಂಗಿಯರು ಮಾತು ಬಿಟ್ಟು ಆಗ ಆರು ವರ್ಷವಾಗಿತ್ತು.

ಕಾರಣ ಒಂದು ಸೀರೆ. ಗಿರಿಜಾಳದು ನೇಕಾರರ ಮನೆತನ. ಅವಳ ತಂದೆ ಕಣ್ಣು ಮಂದವಾಗುವ ಮೊದಲು ಮಗ್ಗದ ಮೇಲೆ ಕೊನೆಯದಾಗಿ ಇಳಿಸಿದ ಸೀರೆ ಅವಳ ಪಾಲಿಗೆ ಬಂದಿತ್ತು. ದಾಳಿಂಬೆ ಬಣ್ಣದ ಮೈ, ಕೆಂಪು ಬಿಳಿಯ ಸೆರಗು. ಅದನ್ನವಳು ಅಕ್ಕನ ಮಗನ ಮದುವೆಯಲ್ಲಿ ಅಕ್ಕನಿಗೇ ಉಡುಗೊರೆಯಾಗಿ ಆಹೇರಿ ಮಾಡಿದಳು. ಮುಂದೆ ಕೆಲವು ವರ್ಷಕ್ಕೆ ನಮ್ಮ ಮಗಳ ಮದುವೆ ಬಂತು. ಗೌರಕ್ಕ ತುಂಬಿದ ಮಂಟಪದಲ್ಲಿ ತಂಗಿಗೆ ಆಹೇರಿ ಮಾಡಿದರು. ಗಿರಿಜಾ ಮಡಿಕೆ ಬಿಚ್ಚಿ ನೋಡಿದರೆ ಅದೇ ದಾಳಿಂಬೆ ಸೀರೆ! ಆಹೇರಿಯ ಸೀರೆಗಳು ನಮ್ಮಲ್ಲಿ ಊರೂರು ಸುತ್ತುವುದು ಹೊಸದಲ್ಲ. ಆದರೆ ಅಪ್ಪ ನೇಯ್ದ ಸೀರೆ ಸುತ್ತಬಾರದಿತ್ತು. ಅಂದಿನಿಂದ ಮಾತು ನಿಂತಿತು. ಗೌರಕ್ಕನ ಯಜಮಾನರದು ಕರದಂಟಿನ ಅಂಗಡಿ. ಅಲ್ಲಿಗೆ ಹೋಗುವಂತಿಲ್ಲದ್ದರಿಂದ ನಾನು ಬೇರೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಕರದಂಟು ತಿನ್ನಬೇಕಾಯಿತು. ಈ ಜಗಳದಲ್ಲಿ ನಾನೂ ಕಡಿಮೆ ನೊಂದವನಲ್ಲ.

ಇರಲಿ, ಕಾರಿಗೆ ಬರೋಣ. ಏಜೆಂಟರು ಅದನ್ನು ಲಾರಿಯ ಮೇಲೆ ಏರಿಸಿಕೊಂಡು ಬಂದರು. ಕಾರನ್ನು ಲಾರಿ ಹೊತ್ತು ತಂದದ್ದು ಕಂಡೇ ನಾನು ಎಚ್ಚರಗೊಳ್ಳಬೇಕಿತ್ತು. ಆದರೆ ನನ್ನ ಲಕ್ಷ್ಯವೆಲ್ಲ ಬಾಡಿಗೆಯ ಮೇಲಿತ್ತು. ಬಾಡಿಗೆ ಇಳಿಸಿದೆ, ಸೀಟಿನ ಕವರು ಪುಕ್ಕಟೆ ಬರೆಸಿಕೊಂಡೆ, ಕಾಲೊರೆಸುವ ಚಾಪೆಗಾಗಿ ಅರ್ಧ ತಾಸು ವಾದಿಸಿದೆ. ಹದಿನೈದು ದಿನ ಇಟ್ಟುಕೊಂಡು ನೋಡುವುದು, ಆಮೇಲೆ ಸಹಿ ಎಂಬ ಷರತ್ತನ್ನೂ ಗೆದ್ದೆ. ಗಿರಿಜಾ ಚಹಾ ತಂದಿಟ್ಟು ಒಂದೇ ಪ್ರಶ್ನೆ ಕೇಳಿದಳು.

"ಇದು ಬಾಗಲಕೋಟಿಗೆ ಒಂದ ದಮ್ಮಿಗೆ ಹೊಕ್ಕೈತೇನ್ರಿ?"

ಏಜೆಂಟರ ಮುಖ ಸಣ್ಣದಾಯಿತು. "ಸುಳ್ಳ ಹೇಳಂಗಿಲ್ರಿ ಬಾಯಾರ. ಬ್ಯಾಟರಿ ಸ್ವಲ್ಪ ಹಳೇದೈತಿ. ಅರ್ಧ ದಾರ್ಯಾಗ ಎಲ್ಲೆರೆ ನಿಂದ್ರಿಸಿ ಚಾರ್ಜ್ ಮಾಡ್ಕೋಬೇಕಾಗ್ತೈತಿ."

"ಅರ್ಧ ದಾರಿ ಅಂದ್ರ ಎಲ್ಲಿ?"

"ಅಮೀನಗಡ ಅನ್ರಿ. ಐದಾರ ತಾಸರೆ ನಿಂದ್ರಬೇಕ್ರಿ."

"ಹಂಗಾರ ಗಾಡಿ ಛಲೋ ಐತಿ" ಎಂದು ಗಿರಿಜಾ ಚಹಾದ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು. ಪಾಪ, ಹೆಂಗಸು, ಕಾರಿನ ವಿಷಯ ಇವಳಿಗೇನು ತಿಳಿಯಬೇಕು ಎಂದು ನಾನೂ ಏಜೆಂಟರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ನಮ್ಮ ಕಡೆ ಇಂಥ ಕರಾರುಗಳಿಗೆ ದೊಡ್ಡ ಚರಿತ್ರೆಯಿದೆ. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಬಾದಾಮಿಗೆ ಕರೆದೊಯ್ದು ಗುಹೆ ತೋರಿಸುವಾಗ ಹಳೆಯ ಶಾಸನಗಳ ರೀತಿನೀತಿಯನ್ನೂ ವಿವರಿಸುತ್ತೇನೆ. ಆಗಿನವರು ಭೂಮಿ ಕೊಟ್ಟರೆ ಸೂರ್ಯಚಂದ್ರರಿರುವ ತನಕ ಕೊಡುತ್ತಿದ್ದರು. ಕೊಟ್ಟದ್ದನ್ನು ಕಸಿದವನು ಹುಳುವಾಗಿ ಹುಟ್ಟಲಿ ಎಂದು ಕೊನೆಗೊಂದು ಶಾಪ ಬೇರೆ. ಏಜೆಂಟರ ಕಾಗದದಲ್ಲಿಯೂ ಕೊನೆಗೆ ಸಣ್ಣ ಅಕ್ಷರದ ಶಾಪಗಳಿದ್ದವು. ಆದರೆ ಅವಧಿ ಮೂರೇ ವರ್ಷ. ಕೊಟ್ಟದ್ದನ್ನು ತಿರುಗಿ ಒಯ್ಯುವೆನೆಂದು ಮೊದಲೇ ಹೇಳಿ ಕೊಡುವ ಈ ಪದ್ಧತಿ ನನಗೇನೋ ಹಿಡಿಸಿತು. ನಮ್ಮ ಆಹೇರಿಗಳಿಗೂ ಇಂಥದೊಂದು ಕಾಗದವಿದ್ದಿದ್ದರೆ ಮನೆಮನೆಗಳಲ್ಲಿ ಎಷ್ಟು ಶಾಂತಿ ಇರುತ್ತಿತ್ತು ಎಂದು ಗಿರಿಜಾಳಿಗೆ ಹೇಳಿದೆ. ಅಂದು ರಾತ್ರಿ ಊಟಕ್ಕೆ ಬರೀ ಮಜ್ಜಿಗೆ ಅನ್ನ ಸಿಕ್ಕಿತು.

ಕಾರು ಓಣಿಯಲ್ಲಿ ಪ್ರಸಿದ್ಧವಾಯಿತು, ಒಳ್ಳೆಯ ಕಾರಣಕ್ಕಲ್ಲ. ಅದು ಸದ್ದು ಮಾಡುತ್ತಿರಲಿಲ್ಲ. ಬೆಳಗಿನಿಂದ ಮಗ್ಗಗಳು ಖಟಖಟ ಅನ್ನುವ ಇಳಕಲ್ಲಿನಲ್ಲಿ ಸದ್ದು ಮಾಡದ ವಸ್ತುವನ್ನು ಯಾರೂ ನಂಬುವುದಿಲ್ಲ. ಆಡುಗಳು ಸಹ ದಾರಿ ಬಿಡದೆ ಅನುಮಾನದಿಂದ ನೋಡುತ್ತಿದ್ದವು. ಕಿಟಕಿಯಿಂದ ವೈರು ಎಳೆದು ಚಾರ್ಜಿಗೆ ಹಚ್ಚಿದರೆ ಪಕ್ಕದ ಮನೆಯ ಪವರ್‌ಲೂಮು ಮಂದವಾಗುತ್ತಿತ್ತು. ಅದರ ಒಡೆಯ ವಿರೂಪಾಕ್ಷಪ್ಪ ಗೋಡೆಯ ಮೇಲಿಂದ ಇಣುಕಿ, "ಸರ್, ನಿಮ್ಮ ಗಾಡಿ ಉಣ್ಣಾಕ ಕುಂತ್ರ ನನ್ನ ಮಗ್ಗ ಉಪಾಸ ಬೀಳಾಕತ್ತೈತ್ರಿ. ಇಬ್ರಿಗೂ ಒಂದೊಂದ ಹೊತ್ತು ಹಂಚಿಕೊಡ್ರಿ" ಎಂದರು.

ಒಂದು ಶನಿವಾರ ಮಗಳ ಮನೆಗೆ ಹೊರಟೆವು. ಗಿರಿಜಾ ಕಾಲ ಬಳಿ ಒಂದು ಬಟ್ಟೆಯ ಚೀಲ ಇಟ್ಟುಕೊಂಡಿದ್ದಳು. ಮಗಳಿಗೆ ಚಕ್ಕುಲಿ ಇರಬೇಕು ಎಂದುಕೊಂಡೆ. ಹುನಗುಂದದವರೆಗೆ ಕಾರು ಮದುಮಗನಂತೆ ಹೋಯಿತು. ಆಮೇಲೆ ಬ್ಯಾಟರಿಯ ಮುಳ್ಳು ಇಳಿಯತೊಡಗಿತು. ಅಮೀನಗಡ ಮುಟ್ಟುವಾಗ ನಮ್ಮನ್ನು ಒಂದು ಸೈಕಲ್ಲು ಹಿಂದೆ ಹಾಕಿತು. ನಾನು ಒಂದು ಚಹಾದಂಗಡಿಯಲ್ಲಿ ಪ್ಲಗ್ಗು ಕೇಳಿದೆ. ಬಲ್ಬಿನದು ಬಿಟ್ಟರೆ ಬೇರೆ ಇಲ್ಲ ಎಂದರು. ಕಾರಿನೊಳಗಿಂದ ಗಿರಿಜಾ ರಸ್ತೆಯನ್ನೇ ನೋಡುತ್ತ ಹೇಳಿದಳು, "ಅಕ್ಕನ ಮನ್ಯಾಗ ದೊಡ್ಡ ಪ್ಲಗ್ ಐತಿ. ಫ್ರಿಜ್ಜಿಗೆ ಹಾಕಿಸಿದ್ದು."

ಗೌರಕ್ಕನ ಮನೆಯ ಮುಂದೆ ನಾನು ಕಳ್ಳನಂತೆ ನಿಂತೆ. ಅವರು ಬಾಗಿಲಿಗೆ ಬಂದು, ನನ್ನನ್ನು, ಕಾರನ್ನು, ಕಾರಿನಲ್ಲಿ ಇಳಿಯದೆ ಕೂತ ತಂಗಿಯನ್ನು ನೋಡಿದರು. ನಾನು ಬ್ಯಾಟರಿಯ ವಿಜ್ಞಾನ ವಿವರಿಸತೊಡಗಿದೆ. ಅವರು ಪೂರ್ತಿ ಕೇಳದೆ ಒಳಗೆ ಹೋಗಿ ಫ್ರಿಜ್ಜಿನ ವೈರು ಕಿತ್ತು, "ಹಚ್ಚ್ರಿ. ಬಿಸಲಾಗ ಎಷ್ಟೊತ್ತು ಕುಂದರ್ತಾಳಂತ?" ಎಂದರು.

ಪ್ಲಗ್ಗು ಇದ್ದದ್ದು ಅಡುಗೆಮನೆಯಲ್ಲಿ. ವೈರು ಪಡಸಾಲೆ ದಾಟಿ ಒಲೆಯ ತನಕ ಹೋಯಿತು. ಅದರ ಬೆನ್ನಿಗೆ ನಾವೂ ಹೋದೆವು. ಹಚ್ಚಿ ಹತ್ತು ನಿಮಿಷವಾಗಿರಲಿಲ್ಲ, ಕರೆಂಟು ಹೋಯಿತು.

"ಸಂಜಿಕ ಬರ್ತೈತಿ ಅಂತ ಹೇಳ್ರಿ ಆಕಿಗೆ" ಎಂದರು ಗೌರಕ್ಕ, ನನ್ನ ಕಡೆ ನೋಡಿ.

"ಊಟಕ್ಕ ಏನೂ ಮಾಡಬ್ಯಾಡಂತ ಹೇಳ್ರಿ" ಎಂದಳು ಗಿರಿಜಾ, ನನ್ನ ಕಡೆಯೇ ನೋಡಿ.

ಇಬ್ಬರೂ ಮೂರು ಮಾರು ಅಂತರದಲ್ಲಿ ಕೂತು ನನ್ನ ಮೂಲಕ ಮಾತಾಡುತ್ತಿದ್ದರು. ಅಂದು ಆ ಮನೆಯಲ್ಲಿ ಕರೆಂಟು ಹರಿದ ವೈರು ನಾನೊಬ್ಬನೇ. ಗೌರಕ್ಕ ರೊಟ್ಟಿ ಬಡಿಯತೊಡಗಿದರು. ಮಿಕ್ಸರ್ ನಡೆಯುವಂತಿಲ್ಲ, ಚಟ್ನಿಯನ್ನು ಒಳಕಲ್ಲಿನಲ್ಲಿಯೇ ರುಬ್ಬಬೇಕು. ಅವರ ಕೈಯೆಲ್ಲ ಹಿಟ್ಟು. ಗಿರಿಜಾ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಎದ್ದು ಸೆರಗು ಸಿಗಿಸಿ ಒಳಕಲ್ಲಿನ ಮುಂದೆ ಕೂತಳು. ಕಲ್ಲು ತಿರುಗಿತು.

"ಉಪ್ಪು ಕಡಿಮಿ ಆತು ನೋಡ" ಎಂದರು ಗೌರಕ್ಕ. ನನಗೆ ಹೇಳಿದ್ದಲ್ಲ.

"ನೀ ಯಾವತ್ತಿದ್ರೂ ಉಪ್ಪು ಜಾಸ್ತಿ ತಿನ್ನಾಕಿ" ಎಂದಳು ಗಿರಿಜಾ. ಅದೂ ನನಗಲ್ಲ.

ನಾನು ಪಡಸಾಲೆಗೆ ಸರಿದು ಹಳೆಯ ಪತ್ರಿಕೆಯನ್ನು ಮುಖಕ್ಕೆ ಹಿಡಿದೆ. ರೊಟ್ಟಿ ಬಡಿಯುವ ಸದ್ದು ನಿಂತಿತು. ಗೌರಕ್ಕನ ದನಿ ಕೇಳಿತು. "ಉಟ್ರ ಹರಿತೈತಂತ ಉಡಲಿಲ್ಲವ್ವ. ಅಪ್ಪನ ಕೈ ಅಂತ ಮಡಿಕಿ ಸೈತ ಬಿಚ್ಚಲಿಲ್ಲ. ಹೊಸಾದಿದ್ದಂಗ ಇತ್ತು, ಸೊಸಿ ಆಹೇರಿ ಗಂಟಿನ್ಯಾಗ ಸೇರ್ಸಿಬಿಟ್ಲು. ನಾನೂ ನೋಡ್ಲಿಲ್ಲ."

ಒಳಕಲ್ಲು ತಿರುಗುವುದೂ ನಿಂತಿತು. ಆಮೇಲೆ ಗಿರಿಜಾಳ ಒಡೆದ ದನಿ ಬಂತು. "ಉಟ್ಟು ಹರದಿದ್ರ ನಾ ಯಾಕ ಸಿಟ್ಟಾಗ್ತಿದ್ನಿ ಅಕ್ಕಾ."

ಆಮೇಲಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಕಣ್ಣಿನಲ್ಲೂ ನೀರು ಬಂದಿತ್ತು, ಪತ್ರಿಕೆ ಓದಲಾಗಲಿಲ್ಲ. ಊಟಕ್ಕೆ ಕರೆದಾಗ ಚೀಲ ಬಿಚ್ಚಿತ್ತು. ಅದರಲ್ಲಿದ್ದದ್ದು ಚಕ್ಕುಲಿಯಲ್ಲ, ದಾಳಿಂಬೆ ಬಣ್ಣದ ಸೀರೆ. ಅಷ್ಟಾದ ಮೇಲೆ ಚಾರ್ಜಿನ ವಿಷಯ ನಾನೇ ನೆನಪಿಸಬೇಕಾಯಿತು. ಸಂಜೆ ಕರೆಂಟು ಬಂದಾಗ ಇಬ್ಬರೂ ದೀಪವನ್ನು ಹೀಗೇಕೆ ಬಂದೆ ಎನ್ನುವಂತೆ ನೋಡಿದರು. ಆ ರಾತ್ರಿ ಅಲ್ಲಿಯೇ ಉಳಿದೆವು. ಬೆಳಿಗ್ಗೆ ಗೌರಕ್ಕ ತಂಗಿಯ ಉಡಿ ತುಂಬಿ ಕಳಿಸಿದರು. ನನಗೊಂದು ಡಬ್ಬಿ ಕರದಂಟು ಪುಕ್ಕಟೆ ಸಿಕ್ಕಿತು. ಮುಂದಿನ ವಾರ ಹೋದಾಗ ಗೌರಕ್ಕ ಅದೇ ಸೀರೆ ಉಟ್ಟು ರೊಟ್ಟಿ ಬಡಿಯುತ್ತಿದ್ದರು. ಸೆರಗಿನ ತುಂಬ ಜೋಳದ ಹಿಟ್ಟು.

ಹದಿನೈದು ದಿನ ಮುಗಿದು ಏಜೆಂಟರು ಬಂದರು. ಜೊತೆಗೆ ಇನ್ನೊಂದು ಕಾರು ತಂದಿದ್ದರು. ಹೊಸ ಬ್ಯಾಟರಿ, ಬಾಗಲಕೋಟೆಗೆ ಎಲ್ಲಿಯೂ ನಿಲ್ಲದೆ ಹೋಗುತ್ತದೆ, ಬಾಡಿಗೆ ಅಷ್ಟೇ. ಹಿಂದಿನ ಗಿರಾಕಿ ವರ್ಗವಾಗಿ ಬಿಟ್ಟುಹೋಗಿದ್ದಾನಂತೆ. ನಾನು ಬದುಕಿನುದ್ದಕ್ಕೂ ಕಾದಿದ್ದ ವ್ಯವಹಾರ ಅಂಗಳಕ್ಕೆ ಬಂದು ನಿಂತಿತ್ತು. ಕೈ ಪೆನ್ನಿಗೆ ಹೋಯಿತು.

ಗಿರಿಜಾ ಬಾಗಿಲಲ್ಲಿ ನಿಂತು ಕೇಳಿದಳು, "ಇದು ಅಮೀನಗಡದಾಗ ನಿಂದ್ರೂದಿಲ್ಲೇನು?"

"ಎಲ್ಲೀ ನಿಂದ್ರಂಗಿಲ್ರಿ ಬಾಯಾರ!" ಏಜೆಂಟರು ಹೆಮ್ಮೆಯಿಂದ ಹೇಳಿದರು.

"ಹಂಗಾರ ಅದನ್ನ ತಗೊಂಡ ಏನ ಮಾಡೂದು?" ಎಂದು ಅವಳು ಒಳಗೆ ಹೋದಳು.

ನಾನು ಹಳೆಯ ಕಾರಿನ ಕಾಗದಕ್ಕೆ ಸಹಿ ಹಾಕಿದೆ. ಏಜೆಂಟರಿಗೇ ಕನಿಕರ ಬಂದಿರಬೇಕು. "ಬ್ಯಾಟರಿ ದಿನಾ ಹೋದಂಗ ಇನ್ನೂ ಸೋಲ್ತೈತ್ರಿ ಸರ್. ಬಾಡಿಗಿ ಸ್ವಲ್ಪ ಇಳಿಸ್ಲೇನ್ರಿ?" ಎಂದರು.

"ಬ್ಯಾಡ, ಇರ್ಲಿ" ಎಂದೆ. ಹುಟ್ಟಿದಾಗಿನಿಂದ ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.